ಗೊಬ್ಬರದ ಗುಂಡಿಯ ಕಾಗೆ

"ಬಾಯಮ್ಮ, ನಿಮ್ಮ ಗೊಬ್ಬರದ ಗುಂಡಿಯ ಬಲೆ ಸ್ವಲ್ಪ ತೆಗೀಲಿಕ್ಕೆ ಆಗ್ತದಾ?"

ಪಕ್ಕದ ಮನೆಯ ಸುಧಾಕರಣ್ಣ ಒದ್ದೆ ಪಂಚೆಯಲ್ಲಿ ಕಾಂಪೌಂಡ್ ಗೋಡೆಯಾಚೆ ನಿಂತಿದ್ದರು. ಅಂದು ಅವರ ತಾಯಿಯ ಉತ್ತರಕ್ರಿಯೆ. ಬಾಳೆಎಲೆಯಲ್ಲಿ ಅನ್ನ ಬಡಿಸಿಟ್ಟು ಒಂದು ಗಂಟೆಯಾದರೂ ಮುಟ್ಟಲು ಒಂದು ಕಾಗೆಯೂ ಬಂದಿರಲಿಲ್ಲ.

ನಾನು ಆ ಬಲೆ ಹಾಕಿದ್ದೇ ಅವರ ಮಾತಿಗೆ. ನಮ್ಮ ಗುಂಡಿಯ ಮೀನಿನ ಮುಳ್ಳನ್ನೆಲ್ಲ ಕಾಗೆಗಳು ತಮ್ಮ ಅಂಗಳಕ್ಕೆ ತಂದು ಹಾಕುತ್ತವೆಂದು ಬೇಸಿಗೆಯಲ್ಲಿ ಜಗಳವಾಡಿದ್ದರು. ಆಮೇಲೆ ನಮ್ಮೊಳಗೆ ಮಾತಿರಲಿಲ್ಲ. ಕಾಗೆಗಳೂ ಬೇರೆ ಅಂಗಳ ಹುಡುಕಿಕೊಂಡಿದ್ದವು.

'ಈಗ ಕಾಗೆ ಬೇಕಾಯಿತಲ್ಲ' ಎಂಬ ಮಾತು ನಾಲಗೆಯ ತುದಿಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಬಲೆ ಎಳೆದು ತೆಗೆದು, ಗುದ್ದಲಿಯಿಂದ ಗೊಬ್ಬರ ಮಗುಚಿದೆ. ಹುಳುಗಳು ಮೇಲೆ ಬಂದವು.

"ಇರಿ, ಬರ್ತವೆ" ಎಂದೆ.

ಸ್ವಲ್ಪ ಹೊತ್ತಿಗೆ ತೆಂಗಿನ ಮರದಿಂದ ಒಂದು ಕಾಗೆ ಇಳಿಯಿತು. ನಾಲ್ಕು ಹುಳು ಹೆಕ್ಕಿ ತಿಂದಿತು. ಮತ್ತೆ ಗೋಡೆಗೆ ಹಾರಿ, ಎಲೆಯತ್ತ ಕುಪ್ಪಳಿಸಿ, ಅನ್ನಕ್ಕೆ ಕೊಕ್ಕು ಹಾಕಿತು. ಸುಧಾಕರಣ್ಣ ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆ ಬಲೆಯನ್ನು ನಾನು ಮತ್ತೆ ಹಾಕಲಿಲ್ಲ. ಈಗ ಬೆಳಿಗ್ಗೆ ಅವರ ಮನೆಯ ತರಕಾರಿ ಸಿಪ್ಪೆಯ ಬಕೆಟ್ ಗೋಡೆಯ ಮೇಲೆ ಬಂದು ಕೂತಿರುತ್ತದೆ. ಸಿಪ್ಪೆಯ ಮೇಲೆ ಒಂದು ಹಿಡಿ ಅನ್ನವೂ ಇರುತ್ತದೆ.