ಭಾಗ್ಯಳ ಹೆಸರಿಲ್ಲದ ಕೈಪಿಡಿ

ಪಣಕಹಳ್ಳಿಯ ಲೋಕೇಶ್ವರಿ ಬಟ್ಟೆ ಹೊಲಿಯುವವಳು. ಓದಿದ್ದು ಹತ್ತನೇ ತರಗತಿ. ಕಂಪ್ಯೂಟರ್ ಕಲಿತದ್ದು ತಾನಾಗಿಯೇ. ಆನೆ ಬಂದ ಸುದ್ದಿಯನ್ನು ಸುತ್ತಲಿನ ಊರುಗಳಿಗೆ ಮುಟ್ಟಿಸುವ ಆ್ಯಪೊಂದನ್ನು ಹತ್ತಾರು ಜನ ಸೇರಿ ಕಟ್ಟಿದಾಗ, ಅದನ್ನು ಬಳಸುವ ಬಗೆಯನ್ನು ಬರೆಯುವ ಕೆಲಸ ಅವಳ ಪಾಲಿಗೆ ಬಂತು.

ವಿಡಿಯೊ ಮಾಡೋಣವೆಂದರು ಕೆಲವರು. ಕಾಡಂಚಿನಲ್ಲಿ ವಿಡಿಯೊ ಓಡುವಷ್ಟು ಸಿಗ್ನಲ್ ಎಲ್ಲಿ? ಪಿಡಿಎಫ್ ಆದರೆ ಒಂದು ತಪ್ಪು ತಿದ್ದಲೂ ಮಾಡಿದವರನ್ನೇ ಹುಡುಕಿಕೊಂಡು ಹೋಗಬೇಕು. ಚಾಮರಾಜನಗರದಿಂದ ಫೋನಿನಲ್ಲೇ ಕೆಲಸ ಕಲಿಸುತ್ತಿದ್ದ ಪ್ರಸಾದ್, "ಸಾದಾ ಅಕ್ಷರದ ಫೈಲೇ ಸಾಕಕ್ಕ. ಯಾರು ಬೇಕಾದ್ರೂ ತಿದ್ದಬೌದು. ಒಂದ್ಸಲ ಆ್ಯಪಿನ ಕಡತದ ಒಳಗೆ ಹಾಕಿದ್ರೆ, ಆಮೇಲೆ ಅಳಿಸಿದ್ದೂ ಹಳೇ ರೂಪದಲ್ಲಿ ಉಳ್ದಿರ್ತದೆ," ಎಂದ. ಲೋಕೇಶ್ವರಿ ಅದನ್ನೇ ಆರಿಸಿದಳು.

ಹೇಳಿಕೊಡಲು ಸಿಕ್ಕವಳು ದೊಡ್ಡಮಾದಮ್ಮ. ಕೂಲಿಯವಳು, ಜೋಳದ ಹೊಲ ಕಾಯುವವಳು. ಅಕ್ಷರ ಬಾರದಿದ್ದರೂ ಬಣ್ಣ ನೋಡಿಯೇ ಆ್ಯಪ್ ಕಲಿತಿದ್ದಳು. ಆದರೆ ಎದುರಿಗೊಂದು ಹೆಸರಿಲ್ಲದೆ ಅವಳಿಗೆ ಮಾತೇ ಹೊರಡದು. ಕಳೆ ಕೀಳುವಾಗಲೂ ಪಕ್ಕದವಳ ಹೆಸರು ಹಿಡಿದೇ ಮಾತಾಡುವ ಹೆಂಗಸು.

ದನಿ ತುಂಬಿಕೊಳ್ಳಲು ಲೋಕೇಶ್ವರಿ ಫೋನ್ ಹಿಡಿದಳು. ದೊಡ್ಡಮಾದಮ್ಮ ಶುರು ಮಾಡಿದಳು: "ಭಾಗ್ಯ, ಮೊದ್ಲು ಅಸ್ರು ಗುಂಡಿ ಒತ್ತು ಕಣವ್ವ. ಎದ್ರುಕೊಬ್ಯಾಡ ಭಾಗ್ಯ. ಆನೆ ದೂರದಲ್ಲಿದ್ರೆ ಅಳದಿ. ಅತ್ರ ಬಂದ್ರೆ ಫೋನ್ ಬಿಸಾಕಿ ಓಡು, ನನ್ ಕಂದ."

ಭಾಗ್ಯ ಅವಳ ಮಗಳು. ಕೇಳದೆ ಮದುವೆಯಾಗಿ ಗೆಟ್ಟವಾಡಿ ಸೇರಿದ್ದಳು. ತಾಯಿ ಮಗಳು ಮಾತು ಬಿಟ್ಟು ಮೂರು ವರ್ಷ.

ಲೋಕೇಶ್ವರಿ ಎಲ್ಲವನ್ನೂ ಕೇಳಿ ಕೇಳಿ ಬರೆದಳು. ಬರೆದು ಓದಿ ಹೇಳಿದಾಗ ದೊಡ್ಡಮಾದಮ್ಮ ತಲೆ ಎತ್ತಿದಳು. "ನಮ್ ಭಾಗ್ಯನ್ನ ಎಲ್ ಬುಟ್ಟೆ?"

"ಇದು ಎಲ್ಲಾರ್ಗೂ ಕಣಮ್ಮ. ನಿನ್ ಮಗಳೊಬ್ಳಿಗೇನಾ?" ಎಂದು ನಕ್ಕಳು ಲೋಕೇಶ್ವರಿ.

"ಊಂ, ಓದಿದೋಳು ನೀನು," ಎಂದು ದೊಡ್ಡಮಾದಮ್ಮನೂ ನಕ್ಕಳು. ಮತ್ತೆ ಕೇಳಲಿಲ್ಲ. ಅಂದೇ ಸಂಜೆ, ಫೋನ್ ತುಂಬಿತೆಂದು, ಬರೆದಾದ ದನಿಗಳನ್ನೆಲ್ಲ ಲೋಕೇಶ್ವರಿ ಅಳಿಸಿದಳು.

ಮಳೆಗಾಲದಲ್ಲಿ ಜ್ವರ ಬಂದು, ನಾಲ್ಕೇ ದಿನಕ್ಕೆ ದೊಡ್ಡಮಾದಮ್ಮ ಹೋಗಿಬಿಟ್ಟಳು. ಭಾಗ್ಯ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಹನ್ನೊಂದನೇ ದಿನ ಕಳೆದು ಅವಳು ಹೊಲಿಗೆ ಅಂಗಡಿಗೆ ಬಂದಳು. "ಅಕ್ಕ, ಅವ್ವ ನಿನ್ ಫೋನ್ಗೆ ಮಾತಾಡಿದ್ಳಂತೆ. ಒಂದ್ಸಲ ಕೇಳ್ಸು."

ದನಿಯಂತೂ ಹೋಗಿತ್ತು; ಬರಹದಲ್ಲಾದರೂ ಆ ಹೆಸರು ಇದ್ದೀತೆಂದು ಲೋಕೇಶ್ವರಿ ಕಂಪ್ಯೂಟರ್ ತೆರೆದು ಫೈಲಿನ ಹಳೆಯ ರೂಪಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಒಂದು ಅಲ್ಪವಿರಾಮ ತೆಗೆದದ್ದೂ ತಾರೀಕಿನ ಸಮೇತ ಅಲ್ಲಿತ್ತು. ಮೊದಲನೆಯದರಲ್ಲೂ ಹೆಸರಿರಲಿಲ್ಲ. ಒಳಗೆ ಹಾಕುವ ಮೊದಲೇ ತಾನೇ ಅದನ್ನು ತೆಗೆದಿದ್ದಳು. ಮಾದಪ್ಪಾ, ಇದೊಂದನ್ನಾದರೂ ಉಳಿಸಬಾರದಿತ್ತೇ ಎಂದುಕೊಂಡಳು.

"ಅಳ್ಸಿಬುಟ್ಟೆ ಕಣವ್ವ, ನಾನೇ. ಮಾತ್ಮಾತ್ಗೂ ನಿನ್ನೇ ಕರೀತಿದ್ಳು."

ಭಾಗ್ಯ ಪರದೆಯ ಮೇಲಿದ್ದುದನ್ನು ಓದಿದಳು. *ಹಸಿರು ಗುಂಡಿ ಒತ್ತಿರಿ. ಹೆದರಬೇಡಿ.*

"ನನ್ ಸಮಾಧಾನಕ್ಕೆ ಯೋಳ್ತಿದ್ದೀಯ ಕಣಕ್ಕ. ನಮ್ಮವ್ವ ಯಾರ್ನೂ 'ರಿ' ಅಂದೋಳಲ್ಲ."

"ಮಾದಪ್ಪನಾಣೆಗೂ! 'ಎದ್ರುಕೊಬ್ಯಾಡ ಭಾಗ್ಯ' ಅಂದ್ಳು. 'ಓಡು, ನನ್ ಕಂದ' ಅಂದ್ಳು..." ತನಗೇ ತಿಳಿಯದೆ ಲೋಕೇಶ್ವರಿ ಆ ಮುದುಕಿಯ ರಾಗ ಹಿಡಿದಿದ್ದಳು.

ಭಾಗ್ಯ ಸಟಕ್ಕನೆ ಅವಳ ಕೈ ಹಿಡಿದಳು. "ಬ್ಯಾಡ ಬುಡಕ್ಕ. ಅದು ನಿನ್ ದನಿ."

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಗೆಟ್ಟವಾಡಿಯ ಬಸ್ಸು ಬಂತು, ಹೋಯಿತು.