ಮನೆಯಲ್ಲಿ ದೊಡ್ಡವರು

"ಜುಲೈಲಿ ಸೇರಿದೋರಿಗೆ ಸ್ಕಾಲರ್‌ಶಿಪ್ ಆಗಿಹೋಯ್ತು. ನಡು ವರ್ಷ ಸೇರಿದೋರದ್ದು ಪ್ರಿನ್ಸಿಪಾಲ್ರ ಹತ್ರ ಮಾತಾಡ್ಬೇಕು. ಮನೇಲಿ ದೊಡ್ಡೋರನ್ನ ಕರ್ಕೊಂಡು ಬಾ ಮಾರಾಯ್ತಿ" ಎಂದರು ಇವತ್ತು ಕೊಪ್ಪದ ಕಾಲೇಜಿನ ಗುಮಾಸ್ತರು, ಕಂಪ್ಯೂಟರಿನಿಂದ ತಲೆಯೆತ್ತದೆ.

ಆಮೇಲೆ ತಲೆಯೆತ್ತಿ ನನ್ನ ನರೆಗೂದಲು ನೋಡಿದರು. "ಓ, ನೀವೇ ಬಂದ್ರಾ. ಮಗಳೆಲ್ಲಿ?"

"ಮಗಳಿಲ್ಲ. ಫಸ್ಟ್ ಇಯರ್ ಬಿ.ಎ.ಗೆ ಸೇರಿದ್ದು ನಾನೇ."

"ಎಂತ ಮಾಡೋದು ಮೇಡಂ, ರೂಲ್ಸು ಎಲ್ರಿಗೂ ಒಂದೇ. ಸೋಮವಾರ ದೊಡ್ಡೋರು ಯಾರಾದ್ರೂ ಬರ್ಲಿ."

ನಗಬೇಕಿತ್ತೋ ವಾದಿಸಬೇಕಿತ್ತೋ, ಈಗಲೂ ತಿಳಿಯುತ್ತಿಲ್ಲ. ಆಯ್ತು ಎಂದು ಹೇಳಿ ಬಂದೆ. ಈ ನೆರವು ಸಿಗದಿದ್ದರೆ ನನ್ನ ಓದು ಇಲ್ಲಿಗೇ ನಿಲ್ಲುತ್ತದೆ.

ಅಮ್ಮನೂ ಹೋದ ಮೇಲೆ ನಮ್ಮ ಮನೆಯಲ್ಲಿ ದೊಡ್ಡವಳೂ ನಾನೇ, ಚಿಕ್ಕವಳೂ ನಾನೇ, ಗೆಳೆಯರೇ. ಸೋಮವಾರ ಇಬ್ಬರೂ ಹೋಗುತ್ತೇವೆ.