ಅತ್ತೆಯ ಭಾಷೆಯ ಎರಡು ಕಾಲಗಳು

ಖಟಕ ಚಿಂಚೋಳಿಯ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ಅಪ್ಪ ಒಬ್ಬನೇ. ನಿಜಾಮನ ಕಾಲದ ಸಾಲೆಯಲ್ಲಿ ಎರಡು ವರ್ಷ ಉರ್ದು ಕಲಿತದ್ದನ್ನು, ಅಲ್ಪನಿಗೆ ಐಶ್ವರ್ಯ ಬಂದ ಹಾಗೆ, ಇಪ್ಪತ್ತು ವರ್ಷ ಮೆರೆಸಿದ. ವಿಧವೆಯಾಗಿ ತವರಿಗೆ ಮರಳಿದ ಅವನ ತಂಗಿ, ಅಂದರೆ ನನ್ನ ಅತ್ತೆ, ತನಗೂ ಓದಲು ಕಲಿಸು ಎಂದಾಗ, ಹೆಂಗಸರಿಗೆ ಅಕ್ಷರ ಯಾಕೆ ಎಂದುಬಿಟ್ಟ. ಸಾಲೆಗೆ ಹೋಗಲು ಹಟ ಮಾಡುತ್ತಿದ್ದ ನನ್ನನ್ನೂ ಅದೇ ತಕ್ಕಡಿಯಲ್ಲಿ ತೂಗಿದ.

ಅತ್ತೆ ಜಗಳಾಡಲಿಲ್ಲ. ತನ್ನದೇ ಒಂದು ಭಾಷೆ ಮಾಡಿದಳು. ಯಾರ ಕುರಿ ಯಾವುದೆಂದು ತಿಳಿಯಲು ಬೆನ್ನಿಗೆ ಕೆಂಪು ಬಣ್ಣದಲ್ಲಿ ಹಾಕುವ ಗೀಟು, ಸೊನ್ನೆ, ಕೊಕ್ಕೆಗಳೇ ಅದರ ಲಿಪಿ. ಒಂದೊಂದು ಗುರುತು ಒಂದೊಂದು ಮಾತು. ನೀರಿಗೆ ಲಿಪ್ಪ. ಅಪ್ಪನಿಗೆ ಧಡಕ್ಕು, ಯಾಕೆಂದರೆ ಅವನು ಬಂದರೆ ಕದಕ್ಕೆ ಸುಖವಿರಲಿಲ್ಲ. ವ್ಯಾಕರಣ ಸಲೀಸು. ಕಾಲಗಳು ಎರಡೇ: ಅಪ್ಪ ಮನೆಯಲ್ಲಿರುವ ಕಾಲ, ಇಲ್ಲದ ಕಾಲ. ನಾವಿಬ್ಬರೂ ಎಲ್ಲವನ್ನೂ ಹಳೆಯ ಲೆಕ್ಕದ ವಹಿಯೊಂದರಲ್ಲಿ ಬರೆದು ಉಣ್ಣೆಯ ಗಂಟಿನಲ್ಲಿ ಬಚ್ಚಿಟ್ಟಿದ್ದೆವು.

ಭಾರತದ ಸೇನೆ ನಿಜಾಮನನ್ನು ಮಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಕೆಲವೇ ದಿನಕ್ಕೆ ಅಪ್ಪ ಉಣ್ಣೆಯನ್ನು ಬಂಡಿಗೆ ಹೇರಿ, ನಮ್ಮನ್ನೂ ಕೂರಿಸಿಕೊಂಡು ಭಾಲ್ಕಿಗೆ ಹೊರಟ. ಅರ್ಧ ದಾರಿಯಲ್ಲಿ ಅತ್ತೆ ನನ್ನ ತೊಡೆ ಚಿವುಟಿದಳು. ವಹಿ ಗಂಟಿನಲ್ಲೇ ಉಳಿದಿತ್ತು.

ಭಾಲ್ಕಿಯ ಊರಬಾಗಿಲಲ್ಲಿ ಸಿಪಾಯಿಗಳು ಗಂಟು ಬಿಚ್ಚಿದರು. ಅಲ್ಲಿದ್ದ ಮುನ್ಷಿ ಇದು ಉರ್ದು ಅಲ್ಲವೆಂದ. ಕುಲಕರ್ಣಿ ಮರಾಠಿಯ ಮೋಡಿ ಲಿಪಿಯೂ ಅಲ್ಲವೆಂದ. ಹಾಗಾದರೆ ನಿಜಾಮನ ಕಡೆಯ ರಜಾಕಾರರ ಗುಪ್ತಲಿಪಿಯೇ ಸರಿ ಎಂದು ತೀರ್ಮಾನಿಸಿದ ಸುಬೇದಾರ ಅಪ್ಪನನ್ನು ಬೀದರಿಗೆ ಒಯ್ಯಲು ಹೇಳಿದ.

ಅತ್ತೆ ಸೆರಗು ಸರಿಮಾಡಿಕೊಂಡು ಬಂಡಿಯಿಂದ ಇಳಿದಳು. "ಅದು ನಂದರಿ ಸಾಹೇಬ್ರ. ಓದಿ ತೋರಸ್ತೇನಿ."

ಅವಳು ಓದಿ ಅರ್ಥ ಹೇಳಿದಳು, ಕುಲಕರ್ಣಿ ಅದನ್ನು ಹಿಂದಿಯಲ್ಲಿ ತಿಳಿಸಿದ. ಧಡಕ್ಕು ಭಜನೆ ಹಾಡಿದರೆ ಟಗರು ಹಗ್ಗ ಹರಿದುಕೊಳ್ಳುತ್ತದೆ. ಧಡಕ್ಕು ಉರ್ದು ಕಾಗದವನ್ನು ತಲೆಕೆಳಗೆ ಹಿಡಿದೂ ಓದುತ್ತಾನೆ. ಇವೆಲ್ಲ ಕಟ್ಟುಕತೆಯೆಂದು ಸುಬೇದಾರ ಅವಳನ್ನು ದೂರ ನಿಲ್ಲಿಸಿ, ಅದೇ ಸಾಲುಗಳನ್ನು ನನ್ನಿಂದ ಓದಿಸಿದ. ನಾನೂ ಅದನ್ನೇ ಓದಿದೆ. ಧಡಕ್ಕು ಯಾರೆಂದು ಕೇಳಿದ. ನಾನು ಅಪ್ಪನತ್ತ ಬೆರಳು ತೋರಿಸಿದೆ. ಸಿಪಾಯಿಗಳು ಹೊಟ್ಟೆ ಹಿಡಿದು ನಕ್ಕು ಬಂಡಿ ಬಿಟ್ಟರು.

ಮನೆ ಸೇರಿದಾಗ ಅಪ್ಪ ಕದವನ್ನು ಮೆಲ್ಲಗೆ ಹಾಕಿದ. ಮರುದಿನ ಬಣ್ಣದ ಗಡಿಗೆ ತಂದು ಅತ್ತೆಯ ಮುಂದೆ ಕೂತ.

"ನನ್ನ ಹೆಸರು ಹ್ಯಾಂಗ ಬರೀತಿ, ತೋರ್ಸು."

ಅತ್ತೆ ನೆಲದ ಮೇಲೆ ಮೂರು ಗುರುತು ಬರೆದಳು. ಅಪ್ಪ ಅದನ್ನು ನಮ್ಮ ಅಷ್ಟೂ ಕುರಿಗಳ ಬೆನ್ನಿಗೆ ಬರೆದ. ಔರಾದ, ಕಮಲನಗರದವರೆಗೂ ಅವು ತನ್ನ ಹೆಸರು ಹೊತ್ತು ಮೇಯುತ್ತವೆ ಎಂದು ಸಾಯುವತನಕ ಬೀಗಿದ. ಆ ವರ್ಷ ನನ್ನನ್ನು ಸಾಲೆಗೂ ಹಾಕಿದ. ಆ ಋಣಕ್ಕೆ ನಾನು ಬಾಯಿ ಬಿಡಲಿಲ್ಲ.

ಕುರಿಗಳ ಬೆನ್ನ ಮೇಲಿದ್ದದ್ದು ಅವನ ಹೆಸರಲ್ಲ. ತಂಗಿಗೆ ಓದು ಬರುತ್ತದೆ ಎಂದಿತ್ತು. ಅದೂ ಅಪ್ಪ ಮನೆಯಲ್ಲಿರುವ ಕಾಲದಲ್ಲಿ.